ನಡುವಿನ ಮನೆಯ ಗಳಿಕೆ



ಈ ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ನನಗೆ ಮೊದಲು ನೆನಪಾದದ್ದು ಚಿಂಚೋಳಿ ಕಡೆಯ ಒಂದು ತಾಂಡಾ. ಫೆಬ್ರುವರಿ ತಿಂಗಳಲ್ಲಿ ವಿದ್ಯಾರ್ಥಿಗಳ ಜೊತೆ ಮನೆಮನೆಯ ಗಳಿಕೆ ಬರೆದುಕೊಳ್ಳಲು ಹೋಗಿದ್ದೆ. ಸಾಲುಸಾಲು ಮನೆಗಳಿಗೆ ಬೀಗ. ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮನೆಗಳವು. ಹುಡುಗರು ಅವನ್ನು ದಾಟಿ ಮುಂದಿನ ಬಾಗಿಲು ತಟ್ಟಿದರು. ನಾನು ತಡೆಯಲಿಲ್ಲ. ಸಂಜೆ ಲೆಕ್ಕ ಕೂಡಿಸಿದಾಗ ಊರು ಇರುವುದಕ್ಕಿಂತ ಉಳ್ಳದ್ದಾಗಿ ಕಂಡಿತು. ಬಡತನದ ಒಂದು ದೊಡ್ಡ ಪಾಲು ನಮ್ಮ ಕಾಗದಕ್ಕೆ ಬಂದೇ ಇರಲಿಲ್ಲ.

ಇಂಥ ಲೆಕ್ಕದಲ್ಲಿ ನಾನು ಹುಡುಕುವುದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು. ಮನೆಗಳನ್ನು ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯ ಅದು. ವಾಡಿ ಹತ್ತಿರದ ಐದು ಮನೆಗಳನ್ನು ಊಹಿಸಿಕೊಳ್ಳಿ. ತಿಂಗಳಿಗೆ ಎಂಟು, ಒಂಬತ್ತು, ಹನ್ನೊಂದು, ಹದಿನಾಲ್ಕು ಸಾವಿರ ಬರುವ ನಾಲ್ಕು ಮನೆ. ಐದನೆಯದು ಸಿಮೆಂಟ್ ಕಾರ್ಖಾನೆಯ ಅಧಿಕಾರಿಯದು, ಒಂದು ಲಕ್ಷ ಇಪ್ಪತ್ತು ಸಾವಿರ. ಸರಾಸರಿ 32,400 ರೂಪಾಯಿ. ಅಷ್ಟು ಗಳಿಸುವ ಮನೆ ಆ ಐದರಲ್ಲಿ ಒಂದೂ ಇಲ್ಲ. ನಡುವಿನ ಮನೆಗೆ ಬರುವುದು ಹನ್ನೊಂದು ಸಾವಿರ.

ನಮ್ಮ ಕಲಬುರಗಿ ಸೀಮೆಗೆ ಈ ವ್ಯತ್ಯಾಸ ಪ್ರಾಣದಷ್ಟು ಮುಖ್ಯ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಎ.ಸಿ.ಸಿ.ಯ ವಾಡಿ ಕಾರ್ಖಾನೆ 1968ರದು. ಮಳಖೇಡ, ಸೇಡಂಗಳಲ್ಲೂ ಚಿಮಣಿಗಳೆದ್ದವು. ಸುಣ್ಣದ ಕಲ್ಲು ನಮ್ಮ ನೆಲದ್ದು. ಸಿಮೆಂಟಿನ ಮೌಲ್ಯ ಜಿಲ್ಲೆಯ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ, ಲಾಭ ಬೇರೆ ಊರಿಗೆ ಹೋಗುತ್ತದೆ. ಇಷ್ಟೆಲ್ಲ ಇದ್ದೂ ತಲಾ ಆದಾಯದಲ್ಲಿ ಕಲಬುರಗಿ ರಾಜ್ಯದ ತೀರ ಕೆಳಗಿನ ಸಾಲಿನಲ್ಲಿದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವೇ. ಕಾರ್ಖಾನೆ ಸೇರಿದ ಅಂಕಿಯೇ ಇಷ್ಟು ಕೆಳಗಿದ್ದರೆ, ತೊಗರಿ ಹೊಲ ಪಾಲಿಗೆ ಮಾಡುವವರ, ಶಹಾಬಾದಿನ ಫರಸಿ ಕಲ್ಲು ಒಡೆಯುವವರ ಮನೆ ಎಲ್ಲಿ ನಿಂತೀತು?

ಇದಕ್ಕೆ ಉತ್ತರ ಹೇಳುವ ಅಂಕಿ ಸಿಗುವುದು ಕಷ್ಟ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ಗ್ರಾಮೀಣ ಮನೆಗಳನ್ನು ಮೂರು ಗುಂಪು ಮಾಡಿತು: ಮನೆಯಲ್ಲಿ ಅತಿ ಹೆಚ್ಚು ದುಡಿಯುವವರ ತಿಂಗಳ ಗಳಿಕೆ ಐದು ಸಾವಿರದೊಳಗೆ, ಐದರಿಂದ ಹತ್ತು ಸಾವಿರ, ಹತ್ತಕ್ಕೂ ಮೇಲೆ. ದೇಶದ ಗ್ರಾಮೀಣ ಮನೆಗಳಲ್ಲಿ ಶೇ. 74.5ರಷ್ಟು ಮೊದಲ ಗುಂಪಿಗೇ ಬಿದ್ದವು. ಅಂದರೆ ನಡುವಿನ ಮನೆಯೂ ಅಲ್ಲೇ ಇದೆ. ಆ ಗುಂಪಿನೊಳಗೆ ಮನೆಗಳು ಸಮವಾಗಿ ಹರಡಿವೆ ಎಂದು ಹಿಡಿದರೆ, 50ನ್ನು 74.5ರಿಂದ ಭಾಗಿಸಿ ಐದು ಸಾವಿರದಿಂದ ಗುಣಿಸಬೇಕು. ಸುಮಾರು 3,350 ರೂಪಾಯಿ ಬರುತ್ತದೆ. ಅದೂ ಒಬ್ಬರ ದುಡಿಮೆ, ಇಡೀ ಮನೆಯದ್ದಲ್ಲ. ಹೆಂಗಸರು ತಂದ ಕೂಲಿ ಅದರಲ್ಲಿ ಕಾಣುವುದಿಲ್ಲ.

ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ನೆಚ್ಚಬಹುದೇ? ಬಿ.ಪಿ.ಎಲ್. ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಮಿತಿ ಇರುವಾಗ ಅಂಕಿಗಳೆಲ್ಲ ಆ ಗೆರೆಯ ಕೆಳಗೇ ಕೂರುತ್ತವೆ. ಅಕ್ಕಿ ತಪ್ಪೀತೆಂಬ ಭಯ ಅದು. ಆ ಅಂಕಿಗಳನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ.

ಕಾಲದಿಂದ ಕಾಲಕ್ಕೆ ಹೋಲಿಸಹೊರಟರೆ ತೊಡಕು ಇನ್ನೂ ಹೆಚ್ಚು. ಯಾದಗಿರಿ ಕಲಬುರಗಿ ಜಿಲ್ಲೆಯಿಂದ ಬೇರೆಯಾಯಿತು. ಆಮೇಲೆ ಶಹಾಬಾದ, ಕಾಳಗಿ ತಾಲ್ಲೂಕುಗಳಾದವು. ಹಳೆಯ ಚಿತ್ತಾಪುರ ತಾಲ್ಲೂಕಿನ ಅಂಕಿಯಲ್ಲಿ ಶಹಾಬಾದಿನ ಪೇಟೆಯೂ ಇದೆ, ಇಂದಿನದರಲ್ಲಿ ಇಲ್ಲ. ಯಾರ ಗಳಿಕೆಯೂ ಒಂದು ಪೈಸೆ ಕದಲದೆ ಚಿತ್ತಾಪುರದ ಮಧ್ಯಾಂಕ ಬದಲಾಗಿಬಿಡುತ್ತದೆ. ಹಾಗಾಗಿ ತಾಲ್ಲೂಕಿನ ಹೆಸರನ್ನು ನಂಬದೆ ಹಳ್ಳಿಗಳ ಪಟ್ಟಿಯನ್ನೇ ಹಿಡಿದು ಹಿಂದಕ್ಕೆ ಹೋಗಬೇಕು. ನಿಜಾಮರ ಕಾಲಕ್ಕೆ ಹೋದರೆ ರೂಪಾಯಿಯೇ ಬೇರೆ: ಏಳು ಹಾಲಿ ಸಿಕ್ಕಾ ರೂಪಾಯಿಗೆ ಬ್ರಿಟಿಷರ ಆರು.

ನನಗೆ ಸರಿ ಕಂಡ ದಾರಿ ಜೋಳ. ಒಂದು ದಿನದ ಕೂಲಿಗೆ ಆ ವರ್ಷದ ಸಂತೆಯಲ್ಲಿ ಎಷ್ಟು ಕಿಲೋ ಬಿಳಿಜೋಳ ಸಿಗುತ್ತಿತ್ತು? ಉದ್ಯೋಗ ಖಾತ್ರಿ ನಮ್ಮ ಜಿಲ್ಲೆಗೆ ಮೊದಲ ಹಂತದಲ್ಲೇ, 2006ರಲ್ಲಿ, ಬಂತು. ಅದರ ದಿನಗೂಲಿ 2014-15ರಲ್ಲಿ 191 ರೂಪಾಯಿ, 2024-25ರಲ್ಲಿ 349. ಹತ್ತು ವರ್ಷಕ್ಕೆ ಶೇ. 80 ದಾಟಿ ಏರಿದೆ. ರೊಟ್ಟಿ ಅಷ್ಟು ಹೆಚ್ಚಿತೇ ಎನ್ನುವುದನ್ನು ಜೋಳದ ಧಾರಣೆಯನ್ನು ಪಕ್ಕಕ್ಕಿಟ್ಟೇ ನೋಡಬೇಕು. 2023ರಿಂದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರವನ್ನೂ ಬೇರೆ ಕಾಲಂನಲ್ಲಿ ಬರೆಯಬೇಕು. ನಡುವಿನ ಮನೆಗೆ ಅದು ಸಣ್ಣ ಮೊತ್ತವಲ್ಲ.

ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ನನ್ನದೊಂದು ಬೇಡಿಕೆ. ಪ್ರತಿ ಕಾಲೇಜು ನಲವತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಲಿ. ವರ್ಷವರ್ಷವೂ ಅದೇ ಮನೆಗಳಿಗೆ ಹೋಗಲಿ. ‘ಆದಾಯ ಎಷ್ಟು’ ಎಂದು ಒಂದೇ ಉಸಿರಿಗೆ ಕೇಳಬಾರದು. ತೊಗರಿ ಎಷ್ಟು ಚೀಲ, ಅಡತಿಯಲ್ಲಿ ಕೈಗೆ ಬಂದದ್ದೆಷ್ಟು, ಬೀಜ ಗೊಬ್ಬರಕ್ಕೆ ಹೋದದ್ದೆಷ್ಟು, ಯಾರು ಎಷ್ಟು ದಿನ ಕೂಲಿಗೆ ಹೋದರು, ಊರ ಹೊರಗಿಂದ ಏನು ಬಂತು, ಹೀಗೆ ಬಿಡಿಬಿಡಿಯಾಗಿ ಕೇಳಬೇಕು. ಎಳ್ಳಮಾವಾಸ್ಯೆ ಕಳೆದು ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಕಾರಹುಣ್ಣಿಮೆಯ ಹೊತ್ತಿಗೆ ಇನ್ನೊಮ್ಮೆ. ಮೊದಲ ಸುತ್ತಿನಲ್ಲಿ ಬೀಗ ಕಂಡರೆ ಮುಂದಿನ ಮನೆಗೆ ಹೋಗಬೇಡಿ. ಆ ಸಾಲನ್ನು ಹಾಗೇ ಖಾಲಿ ಬಿಡಿ. ಬಿತ್ತಿಗೆಗೆ ಅವರು ಬರುತ್ತಾರೆ, ಬಂದಾಗ ಬರೆದುಕೊಳ್ಳಿ.