ನೆಗೆಟಿವ್ ಬಂದ ಮೇಲೂ

ಶಂಕೆ ಹುಟ್ಟಿಸಿದ ಸಂಪರ್ಕದ ಬಳಿಕ 3 ತಿಂಗಳು ಕಳೆದು ಮಾಡಿಸಿದ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದರೆ, ಆ ಘಟನೆಯ ಮಟ್ಟಿಗೆ ಸೋಂಕಿನ ಪ್ರಶ್ನೆ ಮುಗಿಯಿತು. ಆದರೂ ಕೆಲವರು ಲ್ಯಾಬಿನಿಂದ ಲ್ಯಾಬಿಗೆ ಅಲೆಯುತ್ತಾರೆ. ಬಾಯಲ್ಲೊಂದು ಹುಣ್ಣು, ಸಂಜೆ ತುಸು ಮೈಬಿಸಿ, ಅಷ್ಟೇ ಸಾಕು, ನಿದ್ದೆ ಹಾರಿಹೋಗುತ್ತದೆ. ಹೊಸ ವರದಿಯ ನೆಮ್ಮದಿಯೂ ಹೆಚ್ಚು ದಿನ ಬಾಳದು; ಪರೀಕ್ಷಿಸಿದಷ್ಟೂ ಸಂಶಯ ರೂಢಿಯಾಗುತ್ತದೆ.

ನನಗನ್ನಿಸುವಂತೆ, ಇಂಥವರಲ್ಲಿ ಹಲವರು ಒಳಗೊಳಗೇ ಶಿಕ್ಷೆಗಾಗಿ ಕಾಯುತ್ತಿರುತ್ತಾರೆ. ಮನೆಯವರಿಗೆ ಹೇಳಲಾಗದ ಒಂದು ರಾತ್ರಿ ಎದೆಯಲ್ಲಿ ಕೂತಿರುತ್ತದೆ. ಅದನ್ನು ಅಳೆಯುವ ರಕ್ತಪರೀಕ್ಷೆ ಎಲ್ಲಿದೆ? ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ, ಆಪ್ತಸಮಾಲೋಚಕರು ಆ ಮಾತನ್ನೂ ಕೇಳಿಸಿಕೊಳ್ಳುತ್ತಾರೆ, ಗುಟ್ಟಾಗಿಡುತ್ತಾರೆ. ಎಚ್‌ಐವಿ ಸಹಾಯವಾಣಿ 1097. ಆತಂಕ ಬಿಡದೆ ಕಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಕರೆ ಮಾಡಿ, ಅದಕ್ಕೂ ಚಿಕಿತ್ಸೆಯಿದೆ.