ಜ್ವರದ ಬೆನ್ನಲ್ಲಿ ಬರುವ ದದ್ದು ಮತ್ತು ಬಾಯಿಹುಣ್ಣು



ಮೈಮೇಲೆ ದದ್ದು ಎದ್ದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ಉಷ್ಣ ಹೆಚ್ಚಾಗಿದೆ" ಎಂಬುದು. ಬಾಯಲ್ಲಿ ಹುಣ್ಣಾದರೂ ಅದೇ ಮಾತು. ಜ್ವರದೊಡನೆ ಬಂದರೆ "ಅಮ್ಮ ಬಂದಿದ್ದಾಳೆ" ಎನ್ನುವುದುಂಟು. ಲಸಿಕೆಯ ನಂತರ ಬಂದರೆ "ಸೂಜಿ ಹಾಕಿಸಿದ್ದೇ ತಪ್ಪಾಯಿತು" ಎನ್ನುವುದುಂಟು. ವೈದ್ಯರು ಕೇಳುವ ಪ್ರಶ್ನೆಗಳು ಬೇರೆ. ಜ್ವರ ಎಂದು ಬಂದಿತ್ತು? ಲಸಿಕೆ ಹಾಕಿಸಿದ್ದು ಯಾವ ದಿನ? ಯಾವ ಮಾತ್ರೆಯನ್ನು ಎಂದಿನಿಂದ ಕೊಟ್ಟಿರಿ? ದದ್ದು ಕಾಣಿಸಿದ್ದು ಎಷ್ಟನೆಯ ದಿನ? ಈ ದಿನಗಳ ಲೆಕ್ಕವೇ ಇಂದಿನ ನನ್ನ ಮಾತಿನ ವಿಷಯ.

ವೈರಾಣು ದೇಹವನ್ನು ಹೊಕ್ಕ ಮೇಲೆ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಿ ಎದುರಿಸಲು ಕೆಲವು ದಿನಗಳು ಬೇಕಾಗುತ್ತವೆ. ಚರ್ಮದಲ್ಲಿಯೂ ಬಾಯಿಯ ಒಳಪೊರೆಯಲ್ಲಿಯೂ ಆಗ ಕಾಣುವ ಉರಿಯೂತ ಅನೇಕ ವೇಳೆ ಈ ಹೋರಾಟದ ಗುರುತೇ ಆಗಿರುತ್ತದೆ. ದಡಾರದ ಕೆಂಪು ದದ್ದೂ ಇಂಥದೇ. ನಿರೋಧಕ ಶಕ್ತಿ ತೀರ ಕುಂದಿದ ಮಕ್ಕಳಲ್ಲಿ ದದ್ದು ಏಳದೆಯೇ ದಡಾರ ಬರಬಹುದು, ಮತ್ತು ಆ ದಡಾರವೇ ಹೆಚ್ಚು ಅಪಾಯಕರ.

ದಡಾರ–ರುಬೆಲ್ಲಾ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಾಣು. ಇದನ್ನು 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಮತ್ತೊಮ್ಮೆ ಹಾಕಲಾಗುತ್ತದೆ. ಲಸಿಕೆ ಪಡೆದ ನೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ 7ರಿಂದ 12ನೆಯ ದಿನದ ಹೊತ್ತಿಗೆ ತೆಳುವಾದ ದದ್ದು ಏಳುತ್ತದೆ. ಎರಡು ದಿನಗಳಲ್ಲಿ ಅದು ಅಡಗುತ್ತದೆ. ಇದಕ್ಕೆ ಅಂಜಿ ಎರಡನೆಯ ಸೂಜಿಯನ್ನು ತಪ್ಪಿಸುವುದು ಸಲ್ಲದು. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿ ಮೊದಲಾದ ಬಡಾವಣೆಗಳಲ್ಲಿ ದಡಾರ ಹಬ್ಬಿ ಮಕ್ಕಳು ಅಸುನೀಗಿದುದನ್ನು ಅಲ್ಲಿಯ ಕನ್ನಡಿಗರು ಮರೆತಿರಲಾರರು. ಆದರೆ ಸೂಜಿ ಹಾಕಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಗಂಧೆಯೆದ್ದು, ಮುಖ ಊದಿ, ಉಸಿರು ಕಟ್ಟಿದರೆ ಅದು ಬೇರೆಯೇ ಸಂಗತಿ, ತುರ್ತು ಸಂಗತಿ. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ ಎಂದು ಹೇಳುವುದು ಈ ಕಾರಣಕ್ಕಾಗಿ. ಇನ್ನು ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆಯ ಜಾಗದಲ್ಲಿ 2ರಿಂದ 6 ವಾರಗಳ ಬಳಿಕ ಗಂಟಾಗಿ, ಒಡೆದು, ಕಲೆಯುಳಿಯುವುದು ಸಹಜ ಕ್ರಮ. ಅರಿಸಿನವಾಗಲಿ ಮುಲಾಮಾಗಲಿ ಅದಕ್ಕೆ ಬೇಡ.

ದಡಾರದಲ್ಲಿ ದದ್ದಿಗಿಂತ ಬಾಯಿಯ ಕಡೆಗೆ ಹೆಚ್ಚು ಗಮನವಿರಬೇಕು. ದದ್ದು ಏಳುವ ಮೊದಲೇ ಕೆನ್ನೆಯ ಒಳಭಾಗದಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಾಣುತ್ತವೆ; ಅಮೆರಿಕದ ವೈದ್ಯ ಹೆನ್ರಿ ಕೋಪ್ಲಿಕ್ 1896ರಲ್ಲಿ ಇವುಗಳನ್ನು ವಿವರಿಸಿದರು. ಮುಂದೆ ಬಾಯಿ ಹುಣ್ಣಾಗಿ ಮಗು ಊಟ ಬಿಡುತ್ತದೆ. ಅದರ ಮೇಲೆ ನಾವು ಪಥ್ಯವೆಂದು ಹಾಲು, ಮೊಟ್ಟೆ, ಸೊಪ್ಪು ನಿಲ್ಲಿಸುತ್ತೇವೆ. ಎ ಜೀವಸತ್ವ ಬರಿದಾಗಿ ಕಣ್ಣೇ ಹೋಗುವ ಅಪಾಯ ಇಲ್ಲಿದೆ. ಅಮ್ಮನಿಗೆ ಕೈಮುಗಿಯುವುದನ್ನು ಯಾರೂ ಬೇಡವೆನ್ನುವುದಿಲ್ಲ. ಮಗುವಿಗೆ ಗಂಜಿ, ಎದೆಹಾಲು, ಮೆತ್ತಗೆ ಬೆಂದ ಅನ್ನ ನಿಲ್ಲಬಾರದು, ಅಷ್ಟೆ. ದಡಾರವಾದ ಮಗುವಿಗೆ ಎರಡು ದಿನ ಸತತವಾಗಿ ಎ ಜೀವಸತ್ವವನ್ನು ವೈದ್ಯರು ಕುಡಿಸುತ್ತಾರೆ, ಕೇಳಿ ಪಡೆಯಿರಿ.

ದೊಡ್ಡವರಲ್ಲಿ ತುಟಿಯ ಅಂಚಿನಲ್ಲಿ ಗುಂಪುಗುಂಪಾಗಿ ಏಳುವ ನೀರುಗುಳ್ಳೆಗಳಿಗೆ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣು ಕಾರಣ. ಕೆಲವರಲ್ಲಿ ಅದು ಒಣಗಿ, ಮರೆತೂ ಹೋದ ಮೇಲೆ, ಅಂದರೆ ಒಂದೆರಡು ವಾರಗಳ ನಂತರ, ಕೈಕಾಲುಗಳ ಮೇಲೆ ವೃತ್ತದೊಳಗೊಂದು ವೃತ್ತವಿರುವ ಕೆಂಪು ಮಚ್ಚೆಗಳೂ ಬಾಯಿಹುಣ್ಣೂ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಎರಿಥೀಮಾ ಮಲ್ಟಿಫಾರ್ಮೆ ಎಂದು ಹೆಸರು. ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮೇಲಿಂದ ಮೇಲೆ ಮರುಕಳಿಸುವವರಿಗೆ ವೈರಾಣುವನ್ನು ತಡೆಯುವ ಔಷಧಿಯುಂಟು. ತುಟಿಯ ಗುಳ್ಳೆಗೂ ಕೈಯ ಮಚ್ಚೆಗೂ ಸಂಬಂಧವಿದೆಯೆಂದು ರೋಗಿಗೆ ಹೊಳೆಯುವುದೇ ಕಷ್ಟ. ದಿನಗಳ ಲೆಕ್ಕ ಬರೆದಿಟ್ಟಿದ್ದರೆ ವೈದ್ಯರಿಗೆ ಹೊಳೆಯುತ್ತದೆ.

ಇದರಂತೆಯೇ ತೋರಿ, ಪ್ರಾಣಕ್ಕೇ ಎರವಾಗಬಲ್ಲ ಇನ್ನೊಂದು ಬೇನೆಯಿದೆ. 1922ರಲ್ಲಿ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಇಬ್ಬರು ಬಾಲಕರಲ್ಲಿ ಕಂಡು ವರದಿ ಮಾಡಿದುದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಇದು ಬಹುಮಟ್ಟಿಗೆ ಔಷಧಿಗಳಿಂದ ಬರುತ್ತದೆ: ಸಲ್ಫಾ ಮಾತ್ರೆಗಳು, ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪೀನ್, ಕೀಲುವಾತದ ಒಂದು ಬಗೆಗೆ ಕೊಡುವ ಅಲೋಪ್ಯೂರಿನಾಲ್, ಕೆಲವು ನೋವುನಿವಾರಕಗಳು. ಮಾತ್ರೆ ಆರಂಭಿಸಿದ ನಾಲ್ಕು ದಿನಗಳಿಂದ ನಾಲ್ಕು ವಾರಗಳೊಳಗೆ ಜ್ವರ ಬಂದು, ಕಣ್ಣು ಕೆಂಪೇರಿ, ತುಟಿ–ಬಾಯಿ ಸುಲಿದು, ಚರ್ಮ ಉರಿದು ಸಿಪ್ಪೆಯಂತೆ ಏಳತೊಡಗಿದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು; ನುಂಗುತ್ತಿದ್ದ ಮಾತ್ರೆಗಳ ಪಟ್ಟಿಯನ್ನೂ ಒಯ್ಯತಕ್ಕದ್ದು. ನೆರೆಮನೆಯವರ ಜ್ವರಕ್ಕೆ ಉಳಿದ ಮಾತ್ರೆಯನ್ನು ನಮ್ಮ ಜ್ವರಕ್ಕೆ ನುಂಗುವ ಅಭ್ಯಾಸ ಎಷ್ಟು ಹಾನಿಕರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾದ ಮೇಲೆ ಸರ್ಪಸುತ್ತು, ಬಾಯಿಯೊಳಗೆ ಬಿಳಿಯ ಜಾಲದಂತೆ ಹರಡುವ ಲೈಕನ್ ಪ್ಲಾನಸ್ ಮೊದಲಾದವು ಕೆಲವರಲ್ಲಿ ಕಂಡುಬಂದುದು ವೈದ್ಯಪತ್ರಿಕೆಗಳಲ್ಲಿ ವರದಿಯಾಯಿತು. ಕೋಟ್ಯಂತರ ಜನ ಲಸಿಕೆ ಪಡೆದಾಗ, ಹೇಗಿದ್ದರೂ ಬರಲಿದ್ದ ರೋಗವೂ ಕೆಲವರಿಗೆ ಅದರ ಮರುವಾರವೇ ಬಂದಿರುತ್ತದೆ. ಹಿಂದೆ ಬಂದದ್ದೆಲ್ಲ ಅದರಿಂದಲೇ ಬಂದದ್ದಲ್ಲ. ಹಾಗೆಂದು ಎಲ್ಲವನ್ನೂ ಕಾಕತಾಳೀಯವೆಂದು ತಳ್ಳಿಹಾಕುವುದೂ ಸರಿಯಲ್ಲ. ವರದಿ ಮಾಡಬೇಕು, ಪರಿಶೀಲಿಸಬೇಕು.

ಹೊರನಾಡಿನಲ್ಲಿರುವ ನಮಗೆ ಒಂದು ತೊಡಕು ಹೆಚ್ಚು. ದಡಾರವನ್ನು ಉತ್ತರ ಕರ್ನಾಟಕದ ಕೆಲವೆಡೆ "ಗೊಬ್ಬರ" ಎನ್ನುತ್ತಾರೆ. ಪುಣೆಯಲ್ಲಿ ಹಾಗೆಂದರೆ ಮರಾಠಿಯ "ಗೋವರ"ದಿಂದಾಗಿ ಹೇಗೋ ಅರ್ಥವಾದೀತು; ಚೆನ್ನೈಯಲ್ಲಿ "ತಟ್ಟಮ್ಮೈ", ಹೈದರಾಬಾದಿನಲ್ಲಿ "ತಟ್ಟು", ದೆಹಲಿಯಲ್ಲಿ "ಖಸ್ರಾ" ಎನ್ನಬೇಕು. ಮಾತು ತಪ್ಪಿದರೂ ದಿನಾಂಕ ತಪ್ಪುವುದಿಲ್ಲ. ಆದುದರಿಂದ ಊರಿನಿಂದ ತಂದ ತಾಯಿ ಕಾರ್ಡನ್ನೂ ಲಸಿಕೆಯ ಚೀಟಿಯನ್ನೂ ಜೋಪಾನವಾಗಿಡಿ. ಲಸಿಕೆಯ ನಂತರದ ತೊಂದರೆಯನ್ನು ಲಸಿಕೆ ಹಾಕಿದ ಕೇಂದ್ರಕ್ಕೆ ತಿಳಿಸಿ. ಔಷಧಿಯ ದುಷ್ಪರಿಣಾಮವನ್ನು ರೋಗಿಯೇ ನೇರವಾಗಿ ವರದಿ ಮಾಡಲು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024 ಎಂಬ ಶುಲ್ಕರಹಿತ ದೂರವಾಣಿ ಇದೆ.