ಪ್ರಬಂಧಸ್ಪರ್ಧೆಯೂ ಕಾಯಕಧರ್ಮವೂ
(ರಾಂಪುರದಲ್ಲಿ ನಡೆದ ಉಪನ್ಯಾಸ)



ಮಠಗಳಿಗೂ ವಿದ್ಯೆಗೂ ಇರುವ ನಂಟು ಕನ್ನಡನಾಡಿನಲ್ಲಿ ಸರ್ವರಿಗೂ ವಿದಿತವಾದುದೇ ಆಗಿದೆ. ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನು ನಡೆಸಿಕೊಂಡು ಬಂದ ಮಠಗಳು ಕಾಲಕ್ರಮದಲ್ಲಿ ಯಂತ್ರವಿದ್ಯೆಯ ಶಾಲೆಗಳನ್ನೂ ಕಟ್ಟಿದುವು. 1963 ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಆಶ್ರಯದಲ್ಲಿಯೂ, ಅದೇ ವರ್ಷ ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠದ ಆಶ್ರಯದಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳು ಹುಟ್ಟಿದುವು. 1980 ರಲ್ಲಿ ಚಿತ್ರದುರ್ಗದ ಮುರುಘಾಮಠದ ವಿದ್ಯಾಪೀಠವೂ ಅಂತಹುದೊಂದು ಕಾಲೇಜನ್ನು ತೆರೆಯಿತು. ಚಳ್ಳಕೆರೆ, ಮೊಳಕಾಲ್ಮೂರು, ರಾಂಪುರಗಳ ಬೆದ್ದಲುಭೂಮಿಯ ರೈತರ ಮಕ್ಕಳೂ, ಮಗ್ಗದ ಮನೆಯ ಮಕ್ಕಳೂ ಇಂದು ಅಂತಹ ಕಾಲೇಜುಗಳ ಮೆಟ್ಟಿಲನ್ನೇರುತ್ತಿರುವರು. ಅವರ ವ್ಯಾಸಂಗದ ಕೊನೆಯ ವರ್ಷದಲ್ಲಿ ಒದಗುವ ಸಂದರ್ಭವೊಂದುಂಟು. ವಿದ್ವಾಂಸರು ನೆರೆದ ಸಮ್ಮೇಳನದಲ್ಲಿ ತಾನು ಮಾಡಿದ ಸಂಶೋಧನೆಯನ್ನು ಪ್ರಬಂಧರೂಪವಾಗಿ ಓದಿ, ಪರೀಕ್ಷಕರ ಪ್ರಶ್ನೆಗಳಿಗೆ ವಿದ್ಯಾರ್ಥಿಯು ಉತ್ತರವೀಯುವ ಸ್ಪರ್ಧೆಯೇ ಅದು. ಮಠದ ವೇದಿಕೆಯ ಮೇಲೆ ಇದರ ವಿಚಾರವೇಕೆಂದು ಕೇಳಬಹುದು. ಈ ಸ್ಪರ್ಧೆಯಲ್ಲಿ ಪರೀಕ್ಷೆಗೆ ಒಳಗಾಗುವುದು ಬರಿಯ ಬುದ್ಧಿಯಲ್ಲ, ಕಾಯಕ. ಆದಕಾರಣ ಇದು ಶರಣರಿಗೆ ಸಂಬಂಧಿಸಿದ ವಿಷಯವೇ ಸರಿ.

ಇಂತಹ ಕಾರ್ಯವು ಕರ್ನಾಟಕಕ್ಕೆ ಹೊಸತಲ್ಲ. 1975 ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಿಂದ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977 ರಲ್ಲಿಯೇ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವನ್ನು ಆರಂಭಿಸಿತು. ನಾಡಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರಸ್ತಾವನೆಗಳನ್ನು ತರಿಸುವುದು, ತಜ್ಞರಿಂದ ಅವುಗಳನ್ನು ಪರಿಶೀಲಿಸಿ ಆಯ್ದವುಗಳಿಗೆ ಧನಸಹಾಯವನ್ನೀಯುವುದು, ಕೊನೆಗೆ ವಿಚಾರಗೋಷ್ಠಿಯನ್ನೂ ಪ್ರದರ್ಶನವನ್ನೂ ಏರ್ಪಡಿಸಿ ಉತ್ತಮವಾದುವನ್ನು ಗೌರವಿಸುವುದು—ಇದು ಅದರ ಕ್ರಮ. ಬಹುಮಾನವು ಇಲ್ಲಿ ಕೊನೆಗೆ ಬರುವುದೇ ಹೊರತು ಮೊದಲಲ್ಲ. ಮೊದಲು ಬರುವುದು ಕೆಲಸ, ಅದಕ್ಕೆ ಬೇಕಾದ ನೆರವು, ನಡುನಡುವೆ ಬಲ್ಲವರ ವಿಚಾರಣೆ. ಸ್ಪರ್ಧೆಯನ್ನು ನಡೆಸುವವರೆಲ್ಲರೂ ಗಮನದಲ್ಲಿಡತಕ್ಕ ಅನುಕ್ರಮವಿದು.

ಈ ಅನುಕ್ರಮವು ತಲೆಕೆಳಗಾದಾಗ ಏನಾಗುವುದೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಸಿದ್ಧಪಡಿಸಿದ ಪ್ರಾಜೆಕ್ಟುಗಳನ್ನು ಹಣಕ್ಕೆ ಮಾರುವ ಅಂಗಡಿಗಳು ನಗರಗಳಲ್ಲಿವೆ. ಅನ್ಯರ ಪ್ರಬಂಧದ ವಾಕ್ಯಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ತಮ್ಮದೆನ್ನುವವರೂ ಇರುವರು. ಈಚೆಗಂತೂ ಕೃತಕ ಬುದ್ಧಿಯ ಯಂತ್ರಗಳು ಕ್ಷಣಮಾತ್ರದಲ್ಲಿ ಪುಟಗಟ್ಟಲೆ ಬರೆದುಕೊಡುತ್ತಿವೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2018 ರಲ್ಲಿ ಕೃತಿಚೌರ್ಯದ ತಡೆಗೆಂದು ನಿಯಮಾವಳಿಯನ್ನು ಹೊರಡಿಸಿ, ಶೇಕಡ 10 ಕ್ಕೆ ಮೀರಿದ ಸಾಮ್ಯಕ್ಕೆ ಅದರ ಪ್ರಮಾಣವನ್ನನುಸರಿಸಿ ದಂಡನೆಯನ್ನು ವಿಧಿಸಿದೆ. ಆದರೆ ಶಬ್ದಸಾಮ್ಯವನ್ನು ಎಣಿಸುವ ಯಂತ್ರವು ಕೊಂಡುತಂದ ಯೋಜನೆಯನ್ನು ಹಿಡಿಯಲಾರದು. ಶಬ್ದಗಳು ಬೇರೆಯಾಗಿದ್ದು ದುಡಿಮೆಯು ಪರರದಾಗಿದ್ದರೆ ಅಳತೆಗೋಲು ಅಲ್ಲಿ ಸುಮ್ಮನಿರುವುದು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಇಲ್ಲಿ ಸ್ಮರಿಸುವುದು ಉಚಿತ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಆ ಅಕ್ಕಿ ಕದ್ದುದಲ್ಲ. ಆದರೂ ಅವರಿಗೆ ಅದು ಕಾಯಕದಿಂದ ಬಂದುದಾಗಿ ತೋರಲಿಲ್ಲ. ತನ್ನ ದುಡಿಮೆಯಿಂದ ಬಾರದ ಒಂದು ಅಂಕೆಯನ್ನಾದರೂ ಪ್ರಬಂಧದಲ್ಲಿ ಸೇರಿಸಹೊರಟ ವಿದ್ಯಾರ್ಥಿಗೆ ಇದಕ್ಕಿಂತ ಮಿಗಿಲಾದ ಪಾಠವಿಲ್ಲ. ಅನ್ಯರಿಂದ ಪಡೆದುದು ಬೇಕೇ ಆದರೆ ಪಡೆದವರ ಹೆಸರನ್ನು ಹೇಳಿ ಪಡೆಯತಕ್ಕದ್ದು.

ಹಾಗಾದರೆ ಸ್ಪರ್ಧೆಯನ್ನು ನಡೆಸುವ ಬಗೆ ಹೇಗೆ? ಮೊದಲನೆಯದಾಗಿ, ಯಾವ ಯಾವ ಅಂಶಕ್ಕೆ ಎಷ್ಟೆಷ್ಟು ಅಂಕಗಳೆಂಬುದನ್ನು ಪ್ರಕಟಣೆಯಲ್ಲಿಯೇ ತಿಳಿಸಬೇಕು. ವಿಷಯದ ನೂತನತೆ, ವಿಧಾನದ ಶುದ್ಧಿ, ಫಲಿತಾಂಶದ ಆಧಾರ, ಉತ್ತರದ ಸ್ಪಷ್ಟತೆ—ಇವು ಮೊದಲೇ ಗೊತ್ತಿದ್ದರೆ ತೀರ್ಪು ಮುಖ ನೋಡಿ ಮಣೆ ಹಾಕಿದಂತಾಗುವುದಿಲ್ಲ. ಎರಡನೆಯದಾಗಿ, ಪ್ರಬಂಧವು ಪರೀಕ್ಷಕರ ಕೈಸೇರುವ ಮುನ್ನ ವಿದ್ಯಾರ್ಥಿಯ ಹೆಸರನ್ನೂ ಕಾಲೇಜಿನ ಹೆಸರನ್ನೂ ತೆಗೆದುಹಾಕಬೇಕು. ಮೊಳಕಾಲ್ಮೂರಿನ ರೇಷ್ಮೆಸೀರೆಯನ್ನು ಕೊಳ್ಳುವವರು ಹಾಸು-ಹೊಕ್ಕುಗಳ ಹೊಂದಿಕೆಯನ್ನು ನೋಡುವರಲ್ಲದೆ ನೇಯ್ದವರ ಕುಲಗೋತ್ರವನ್ನು ಕೇಳುವರೇ? ಮೂರನೆಯದಾಗಿ, ಒಂದೊಂದು ಪ್ರಬಂಧವನ್ನೂ ಇಬ್ಬರಿಗೆ ಕಡಿಮೆಯಿಲ್ಲದಂತೆ ಪರೀಕ್ಷಕರು ಪ್ರತ್ಯೇಕವಾಗಿ ಓದಬೇಕು. ಸ್ಪರ್ಧಾಳುವಿನ ಬಂಧುವಾಗಲಿ, ಅವನ ಕಾಲೇಜಿನ ಅಧ್ಯಾಪಕರಾಗಲಿ ಆ ಪೀಠದಲ್ಲಿ ಕೂಡಕೂಡದು. ನಾಲ್ಕನೆಯದಾಗಿ, ಮಾರ್ಗದರ್ಶಕರು ಮಾಡಿದುದೆಷ್ಟು, ವಿದ್ಯಾರ್ಥಿಯು ಮಾಡಿದುದೆಷ್ಟು, ಯಂತ್ರದ ನೆರವನ್ನು ಪಡೆದುದೆಲ್ಲಿ ಎಂಬುದನ್ನು ಪ್ರಬಂಧದ ಕೊನೆಯಲ್ಲಿ ಬರೆದಿಡುವುದು ಕಡ್ಡಾಯವಾಗಬೇಕು. ಐದನೆಯದಾಗಿ, ಬಹುಮಾನ ಬಾರದವರಿಗೂ ತೀರ್ಪಿನ ಕಾರಣವನ್ನು ನಾಲ್ಕು ಸಾಲಿನಲ್ಲಾದರೂ ಬರೆದುಕೊಡಬೇಕು. ಏತಕ್ಕೆಂದರೆ ಗೆಲ್ಲುವವರು ಮೂವರಾದರೆ ಸೋಲುವವರು ಹಲವರು. ಆ ಹಲವರು ಬರಿಗೈಯಲ್ಲಿ ಹಿಂದಿರುಗಿದರೆ ಸ್ಪರ್ಧೆಯಿಂದ ನಾಡಿಗಾದ ಲಾಭವು ಅತ್ಯಲ್ಪ.

ಇವೆಲ್ಲಕ್ಕಿಂತ ಮುಖ್ಯವಾದುದು ಪ್ರಶ್ನೆ. ಅನುಭವಮಂಟಪದ ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುಗಳು ಬಂದವರನ್ನು ಹೊಗಳಿ ಕೂಡಿಸಲಿಲ್ಲ, ಪ್ರಶ್ನಿಸಿ ಪರೀಕ್ಷಿಸಿದರು. ಅಕ್ಕಮಹಾದೇವಿಯವರನ್ನು ಅವರು ಕೇಳಿದ ಬಗೆಯನ್ನು ಶೂನ್ಯಸಂಪಾದನೆಯು ಉಳಿಸಿಕೊಟ್ಟಿದೆ. ಆ ಪ್ರಶ್ನೆಗಳು ಕಠಿನವಾಗಿದ್ದರೂ ಅವಮಾನಕರವಾಗಿರಲಿಲ್ಲ. ಉತ್ತರಿಸಿದವರ ಮಹತ್ವವು ಆ ಪ್ರಶ್ನೆಗಳಿಂದಲೇ ಲೋಕಕ್ಕೆ ತಿಳಿಯಿತು. ಪರೀಕ್ಷಕರಾದವರಿಗೆ ಇದೇ ಮೇಲ್ಪಂಕ್ತಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆಯಿರುವುದು ಜನರಿಗೆ ಅನುಭವದಿಂದಲೇ ತಿಳಿದಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡಿರಬಹುದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ 1.5 ಮಿಲಿಗ್ರಾಮಿನ ವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸುತ್ತದೆ. ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಕೊಳವೆಬಾವಿಗಳ ನೀರನ್ನು ಶೋಧಿಸುವ ಉಪಾಯವನ್ನು ಪ್ರಬಂಧವಾಗಿ ತಂದಳೆನ್ನೋಣ. ಎಷ್ಟು ಬಾವಿಗಳ ನೀರು? ಬೇಸಗೆಯಲ್ಲಿ ತೆಗೆದುದೋ, ಮಳೆಯ ತರುವಾಯವೋ? ಅಳೆದ ಉಪಕರಣವು ಸರಿಯಾಗಿರುವುದೆಂದು ತಿಳಿದುದು ಹೇಗೆ? ಯಾವ ಸಲ ಪ್ರಯೋಗ ಕೆಟ್ಟಿತು, ಏತಕ್ಕೆ? ಬಾವಿಯ ಬಳಿ ತಾನೇ ನಿಂತು ನೀರನ್ನು ತುಂಬಿಸಿಕೊಂಡವಳು ಇವಕ್ಕೆ ತಡವರಿಸದೆ ಉತ್ತರವೀಯುವಳು. ಕೊಂಡುತಂದವರ ಬಾಯಿಂದ ಕೆಟ್ಟ ಪ್ರಯೋಗದ ಕಥೆ ಹೊರಡದು. ಅಂಗಡಿಯಲ್ಲಿ ಸೋಲನ್ನು ಮಾರುವುದಿಲ್ಲವಷ್ಟೆ.

ಅವಳು ಉತ್ತರಿಸಿದುದು ಕನ್ನಡದಲ್ಲಾದರೆ ಪರೀಕ್ಷಕರು ಮುಖ ಸಿಂಡರಿಸಬಾರದು. ಇಂಗ್ಲಿಷಿನ ನಯಕ್ಕೆ ಮರುಳಾಗಿ ನೀರಿನ ಸತ್ಯವನ್ನು ಕೈಬಿಟ್ಟರೆ ಆ ಸ್ಪರ್ಧೆಯು ನಾಲಗೆಯ ಸ್ಪರ್ಧೆಯಾಗುವುದೇ ಹೊರತು ವಿದ್ಯೆಯದಾಗದು. ಸಾಮಾನ್ಯರ ನುಡಿಯಲ್ಲಿ ಪರಮಸತ್ಯವನ್ನು ಹೇಳಬಹುದೆಂದು ತೋರಿಸಿದ ಪರಂಪರೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಪುನಃ ಪುನಃ ಪರೀಕ್ಷೆಗೊಡ್ಡಿಕೊಳ್ಳುವುದೇ ಸಂಶೋಧನೆಯ ಲಕ್ಷಣವೆಂಬುದಕ್ಕೆ ಚಳ್ಳಕೆರೆಯ ಕಾವಲಿನಲ್ಲಿಯೇ ಸಾಕ್ಷಿಯಿದೆ. ಅಲ್ಲಿನ ವೈಮಾನಿಕ ಪರೀಕ್ಷಾಕ್ಷೇತ್ರದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು 2023 ನೆಯ ಏಪ್ರಿಲ್ 2 ರಂದು ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲು, ಅದು ಚಾಲಕನಿಲ್ಲದೆ ತಾನಾಗಿಯೇ ಓಡುದಾರಿಯ ಮೇಲೆ ಇಳಿಯಿತು. ಮೊದಲ ಸಲವೇ ಗೆದ್ದಿತೆಂದು ಅವರು ಸುಮ್ಮನಾಗಲಿಲ್ಲ. 2024 ನೆಯ ಮಾರ್ಚ್ 22 ರಂದೂ ಜೂನ್ 23 ರಂದೂ ವಾಹನವನ್ನು ಓಡುದಾರಿಯ ನೇರದಿಂದ ಪಕ್ಕಕ್ಕೆ ಸರಿಸಿ ಬಿಟ್ಟು, ಸ್ಥಿತಿಯನ್ನು ಹೆಚ್ಚು ಹೆಚ್ಚು ಕಠಿನಗೊಳಿಸಿ ಮತ್ತೆರಡು ಸಲ ಇಳಿಸಿ ನೋಡಿದರು. ಬಲ್ಲವರೇ ಹೀಗೆ ಮಾಡುವಾಗ, ಒಂದೇ ಪ್ರಯೋಗದ ಫಲವನ್ನು ಸಿದ್ಧಾಂತವೆಂದು ಸಾರುವ ವಿದ್ಯಾರ್ಥಿಗೆ ಇನ್ನೊಮ್ಮೆ ಮಾಡಿ ನೋಡೆಂದು ಹೇಳುವುದು ನಿರ್ದಯವಲ್ಲ.

ಇದಕ್ಕಿಂತಲೂ ಹಳೆಯ ಸಾಕ್ಷಿಯು ಮೊಳಕಾಲ್ಮೂರು ಸೀಮೆಯ ಬಂಡೆಗಳ ಮೇಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿನ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1892 ರಲ್ಲಿ ಬೆಳಕಿಗೆ ತಂದರು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಉದ್ಯೋಗಶೀಲನಾದ ಚಿಕ್ಕವನಿಗೂ ಅದು ಸಾಧ್ಯವೆಂಬುದು ಅಲ್ಲಿನ ಉಪದೇಶದ ಸಾರ. ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದೂ ಅಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು ಚಪಡನೆಂದಿದ್ದು, ಲಿಪಿಕಾರನೆಂಬ ಪದವು ಮಾತ್ರ ವಾಯವ್ಯದೇಶದ ಖರೋಷ್ಠೀ ಲಿಪಿಯಲ್ಲಿದೆ. ಆಜ್ಞೆಯು ಚಕ್ರವರ್ತಿಯದು, ಬರವಣಿಗೆಯು ತನ್ನದು. ತಾನು ಮಾಡಿದ ಕೆಲಸವೆಷ್ಟೋ ಅಷ್ಟಕ್ಕೆ ಮಾತ್ರ ಚಪಡನು ತನ್ನ ಹೆಸರನ್ನು ಹಾಕಿದನು. ಪ್ರಬಂಧದ ಮೇಲೆ ಹೆಸರನ್ನು ಬರೆಯುವ ವಿದ್ಯಾರ್ಥಿಯೂ, ಅದರ ಮೇಲೆ ತನ್ನ ಹೆಸರನ್ನು ಸೇರಿಸಬಯಸುವ ಗುರುವೂ ಆ ಬಂಡೆಯನ್ನೊಮ್ಮೆ ನೋಡಿ ಬರುವುದು ಒಳ್ಳೆಯದು.

ಕಾಲೇಜುಗಳನ್ನು ಕಟ್ಟಿದ ಮಠಗಳೂ, ಮಕ್ಕಳನ್ನು ಅಲ್ಲಿಗೆ ಕಳುಹಿಸುವ ಭಕ್ತರೂ ಬಹುಮಾನವೆಷ್ಟು ಬಂದಿತೆಂದು ಕೇಳುವ ಮೊದಲು, ಮಾಡಿದುದೇನು, ಅದರಲ್ಲಿ ನಿನ್ನದೆಷ್ಟು ಎಂದು ಮಕ್ಕಳನ್ನು ಕೇಳುವಂತಾಗಲಿ. ಈ ಪ್ರಶ್ನೆಗೆ ತಲೆಯೆತ್ತಿ ಉತ್ತರವೀಯಬಲ್ಲ ಮಗುವು ಸ್ಪರ್ಧೆಯಲ್ಲಿ ಸೋತರೂ ಕಾಯಕದಲ್ಲಿ ಗೆದ್ದಂತೆಯೇ. ಅಂತಹ ಮಕ್ಕಳ ಸಂಖ್ಯೆಯು ಈ ಬಯಲುಸೀಮೆಯಲ್ಲಿ ವೃದ್ಧಿಯಾಗಲಿ.